ತಿಳಿಯದೆ ಏರಿದ ತೂಕ

ನಮ್ಮ ವಾಚಕರಲ್ಲಿ ಕೆಲವರ ಮನೆಗಳಲ್ಲಿಯಾದರೂ ಡಯಾಲಿಸಿಸ್ ಎಂಬ ಮಾತು ಈಗ ಅಪರಿಚಿತವಾಗಿರಲಾರದು. ಮೂತ್ರಪಿಂಡಗಳು ತಮ್ಮ ಕಾರ್ಯವನ್ನು ನಿಲ್ಲಿಸಿದ ಮೇಲೆ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆಯಂತೆ ಆ ಯಂತ್ರದ ಮಗ್ಗುಲಲ್ಲಿ ಮಲಗುವುದು ನಮ್ಮ ಪಾಲಿಗೂ ಬಂದು 2 ವರ್ಷಗಳಾದವು. ಮಲಗುವ ಮೊದಲು ತೂಕ ನೋಡುವರು. ಮೈಯಲ್ಲಿ ಅಧಿಕವಾದ ನೀರಿಲ್ಲದಾಗಿನ ತೂಕಕ್ಕೆ ವೈದ್ಯರು ಡ್ರೈ ವೆಯ್ಟ್ ಎನ್ನುವರು. ನಾವು ಹಳೆಯ ಅಭ್ಯಾಸದಿಂದ ಶುಷ್ಕಭಾರವೆಂದು ಕನ್ನಡಿಸಿಕೊಂಡಿದ್ದೇವೆ. ನಮ್ಮದು 58 ಕಿಲೋ. ಅದಕ್ಕೆ ಮೇಲ್ಪಟ್ಟುದೆಲ್ಲ ನೀರೆಂದೆಣಿಸಿ ಯಂತ್ರದಿಂದ ಹಿಂಡಿ ತೆಗೆಯುವರು.

ಬೇಸಗೆಯ ಒಂದು ಸೋಮವಾರ ನಮ್ಮ ತೂಕ 61.8 ಆಗಿದ್ದಿತು. “ಮೇಷ್ಟ್ರೇ, ಕದ್ದು ನೀರು ಕುಡಿದಿರಾ?” ಎಂದು ದಾದಿ ನಗುತ್ತ ಕೇಳಿದಳು. 35 ವರ್ಷ ಹುಡುಗರ ಕಳ್ಳತನಗಳನ್ನು ವಿಚಾರಿಸಿದ ನಮಗೆ ಉತ್ತರ ಹೊರಡಲಿಲ್ಲ. ದಿನಕ್ಕೆ ವಿಧಿಸಿದ್ದ 700 ಮಿಲಿಲೀಟರನ್ನು ನಾವು ಒಂದು ಗುಟುಕೂ ಮೀರಿರಲಿಲ್ಲ. ಅಷ್ಟು ನೀರನ್ನು ಒಮ್ಮೆಗೇ ತೆಗೆಯಿಸಿಕೊಂಡುದರಿಂದ ಮೀನಖಂಡಗಳು ಸೆಟೆದು, ಕಣ್ಣು ಕತ್ತಲೆಗಟ್ಟಿ ಮನೆ ಸೇರಿದೆವು. ಮನೆಯಾಕೆ ನೀರಿನ ಕೊಡದ ಕಡೆಗೊಮ್ಮೆ ನೋಡಿದಳು, ಏನನ್ನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಾಗುತ್ತಿತ್ತು.

ಮರುದಿನ ಆಕೆಯೇ ಅಳತೆಯ ಲೋಟವನ್ನು ಹಿಡಿದು, “ನೀರು ಬೇಡ, ನಿಮ್ಮ ಊಟವನ್ನೇ ಅಳೆಯೋಣ” ಎಂದಳು. ಬೆಳಗಿನ ಕಾಫಿ, ಅನ್ನಕ್ಕೆ ಸುರಿದುಕೊಂಡ ಸಾರು, ಎರಡು ಹೊತ್ತಿನ ಮಜ್ಜಿಗೆ, ರಾತ್ರಿಯ ಗಂಜಿ ಇವೆಲ್ಲ ಕೂಡಿ ಸುಮಾರು 650 ಮಿಲಿಲೀಟರ್! ಅವನ್ನು ನಾವು ನೀರೆಂದು ಎಣಿಸಿಯೇ ಇರಲಿಲ್ಲ. ಇದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ. ನೀರು ಬಿಟ್ಟೆವೆಂಬ ಹೆಮ್ಮೆಯಲ್ಲಿ ನಾಲಗೆಗೆ ಇವುಗಳನ್ನು ಬಹುಮಾನವಾಗಿ ಕೊಡುತ್ತಿದ್ದೆವು. ಮೈಯಲ್ಲಿ ಉಳಿದ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು ತನ್ನೊಡನೆ ಹಿಡಿದಿಡುವುದೆಂದು ವೈದ್ಯರು ಹೇಳಿದರು. ನೆರೆಮನೆಯವರು ಸೋಡಿಯಂ ಕಡಮೆಯಿರುವ ಉಪ್ಪನ್ನು ತಂದುಕೊಟ್ಟರು. ಅದರಲ್ಲಿರುವ ಪೊಟ್ಯಾಸಿಯಂ ನಮ್ಮಂತಹವರ ಹೃದಯವನ್ನೇ ನಿಲ್ಲಿಸಬಹುದಾದಕಾರಣ ವೈದ್ಯರು ಅದನ್ನು ಮುಟ್ಟಗೊಡಲಿಲ್ಲ.

ಉಪ್ಪನ್ನು ತಗ್ಗಿಸಿದ ಕೆಲವು ದಿನಗಳಲ್ಲಿ ಬಾಯಾರಿಕೆಯೇ ಇಳಿಯಿತು. ಸೋಮವಾರದ ಏರಿಕೆ 2 ಕಿಲೋವಿಗೆ ಬಂದಿತು.

ಎರಡು ತಿಂಗಳ ಮೇಲೆ ಇನ್ನೊಂದು ವಿಚಿತ್ರ. 58ಕ್ಕೆ ಇಳಿಸಹೋದಾಗಲೆಲ್ಲ ಮತ್ತೆ ಸೆಟೆತ, ತಲೆಸುತ್ತು. ಕಾಲಿನಲ್ಲಿ ಬಾವಿಲ್ಲ, ಉಬ್ಬಸವಿಲ್ಲ. ವೈದ್ಯರು ಪರೀಕ್ಷಿಸಿ, “ಇದು ನೀರಲ್ಲ, ಮಾಂಸ. ನಿಮಗೆ ಹಸಿವು ಮರಳಿದೆ” ಎಂದು ಶುಷ್ಕಭಾರವನ್ನು 59.5ಕ್ಕೆ ಏರಿಸಿದರು. ಪಕ್ಕದ ಮಂಚದವರದು ಇದಕ್ಕೆ ವಿಪರೀತ: ಜ್ವರದಲ್ಲಿ ಮಾಂಸ ಕರಗಿ, ಆ ಸ್ಥಳದಲ್ಲಿ ನೀರು ತುಂಬಿಕೊಂಡು, ತೂಕ ಮಾತ್ರ ಮೊದಲಿನಂತೆಯೇ ಇದ್ದಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿದೆಯೆಂದು ಅವರ ಮಗ ತಡಮಾಡದೆ ಆಸ್ಪತ್ರೆಗೆ ಕರೆತಂದುದರಿಂದ ಉಳಿದುಕೊಂಡರು.

ಈಗ ಸೋಮವಾರಗಳಲ್ಲಿ ಮನೆಯಾಕೆಯೂ ನಮ್ಮೊಡನೆ ಬರುತ್ತಾಳೆ. ದಾದಿ ಬಾಯಿ ತೆರೆಯುವ ಮೊದಲೇ, ಎರಡು ದಿನದ ಸಾರು ಮಜ್ಜಿಗೆಗಳ ಲೆಕ್ಕವನ್ನು ಆಕೆ ಒಪ್ಪಿಸಿಬಿಡುತ್ತಾಳೆ.