ಕಾರ್ ರೇಸ್ ಯಂತ್ರಕ್ಕೆ ಬಯಲುಸೀಮೆಯ ಮನೆ

ವಿಡಿಯೊ ಗೇಮ್ ಪಾರ್ಲರುಗಳಲ್ಲಿದ್ದ ಹಳೆಯ ಕಾರ್ ರೇಸ್ ಯಂತ್ರಗಳನ್ನು ಮನೆಯಲ್ಲಿ ಕೂಡಿಡುವವರನ್ನು ಕಂಡರೆ ‘ದುಡ್ಡಿದ್ದವರ ಖಯಾಲಿ’ ಎಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಈ ಯಂತ್ರಗಳು ಉಳಿಯಲು ಸದ್ಯಕ್ಕಿರುವ ಒಳ್ಳೆಯ ದಾರಿ ಮನೆಯೇ. ಅದರಲ್ಲೂ ಕಡೂರು ತಾಲ್ಲೂಕಿನ ಸಿಂಗಟಗೆರೆಯಂಥ ಬಯಲುಸೀಮೆ ಊರಿನ ಮನೆ ಬೆಂಗಳೂರಿನ ಫ್ಲ್ಯಾಟಿಗಿಂತ ವಾಸಿ ಎಂದು ನಾನು ವಾದಿಸುತ್ತೇನೆ. ಇವು ಬರೀ ಪರದೆಯ ಆಟಗಳಲ್ಲ. 1974ರಲ್ಲಿ ಅಟಾರಿ ಕಂಪನಿ ‘ಗ್ರ್ಯಾನ್ ಟ್ರ್ಯಾಕ್ 10’ ತಂದಾಗಲೇ ಅದಕ್ಕೆ ಸ್ಟೀರಿಂಗ್, ಗೇರು, ಆಕ್ಸಿಲರೇಟರ್, ಬ್ರೇಕ್ ಎಲ್ಲವೂ ಇದ್ದವು. 1982ರಲ್ಲಿ ನಾಮ್ಕೊದ ‘ಪೋಲ್ ಪೊಸಿಷನ್’ ಜಪಾನಿನ ಫ್ಯೂಜಿ ಟ್ರ್ಯಾಕನ್ನು ಪರದೆಗೆ ತಂದಿತು. 1986ರಲ್ಲಿ ಸೆಗಾದ ಯು ಸುಝುಕಿ ರೂಪಿಸಿದ ‘ಔಟ್ ರನ್’ನ ದೊಡ್ಡ ಮಾದರಿಯಲ್ಲಂತೂ ಸ್ಟೀರಿಂಗ್ ತಿರುಗಿಸಿದರೆ ಕುಳಿತ ಸೀಟೇ ವಾಲುತ್ತಿತ್ತು. ‘ಡೇಟೋನಾ ಯುಎಸ್ಎ’ಯಲ್ಲಿ ಎಂಟು ಸೀಟುಗಳನ್ನು ಒಂದಕ್ಕೊಂದು ಜೋಡಿಸಿ ಎಂಟು ಜನ ಒಟ್ಟಿಗೆ ಓಡಿಸಬಹುದಿತ್ತು.

ಇದೆಲ್ಲ ಈಗ ಕಂಪ್ಯೂಟರಿನಲ್ಲೇ ಸಿಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಸತ್ಯವಿದೆ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರುಮಾಡಿದ ‘ಮೇಮ್’ ತಂತ್ರಾಂಶ ಸಾವಿರಾರು ಆಟಗಳ ಪ್ರೋಗ್ರಾಮನ್ನು ಉಳಿಸಿದೆ. ಸೆಗಾದ ಕೆಲವು ಹಳೆಯ ಬೋರ್ಡುಗಳಲ್ಲಿ ಪ್ರೋಗ್ರಾಮಿನ ಗೂಢಸಂಕೇತ ಬಿಡಿಸುವ ಕೀಲಿಯನ್ನು ಹಿಡಿದಿಡುವುದೇ ಒಂದು ಪುಟ್ಟ ಬ್ಯಾಟರಿ. ಅದು ತೀರಿದರೆ ಬೋರ್ಡೇ ಸತ್ತಂತೆ. ಅಂಥ ಆಟಗಳು ಇವತ್ತಿಗೂ ಉಳಿದಿರುವುದರಲ್ಲಿ ಈ ತಂತ್ರಾಂಶದವರ ಪಾಲು ದೊಡ್ಡದು, ಅವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ರೇಸ್ ಆಟದ ಅರ್ಧ ಭಾಗ ಪ್ರೋಗ್ರಾಮಿನ ಹೊರಗಿದೆ. ಸ್ಟೀರಿಂಗಿನ ಬಿಗಿ, ಪೆಡಲಿನ ಸ್ಪ್ರಿಂಗು ಕಾಲನ್ನು ಹಿಂದಕ್ಕೆ ಒತ್ತುವ ಬಲ, ತಿರುವಿನಲ್ಲಿ ವಾಲುವ ಸೀಟು ಇವನ್ನು ಯಾವ ಫೈಲಿನಲ್ಲೂ ಇಡಲಾಗದು. ಬಟನ್ ಒತ್ತಿ ಆಡುವ ಬೇರೆ ಆಟಗಳಿಗೆ ಕಂಪ್ಯೂಟರ್ ಸಾಕಾಗಬಹುದು. ರೇಸ್ ಆಟಕ್ಕೆ ಆ ಪೆಟ್ಟಿಗೆಯೇ ಬೇಕು.

ಹಾಗಾದರೆ ಅದನ್ನು ಸಾರ್ವಜನಿಕ ಸಂಸ್ಥೆಗಳು ಕಾಪಾಡಲಿ, ಮನೆಯೇಕೆ? ಉತ್ತರಕ್ಕೆ ನಮ್ಮ ರಾಜ್ಯದ್ದೇ ಇತಿಹಾಸ ನೋಡಬೇಕು. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ವಿಧಿಸುವ ಆದೇಶ 1989ರಲ್ಲಿ ಬಂತು. ವಿಡಿಯೊ ಗೇಮ್ ಅಂಗಡಿಗಳಿಗೂ ಅದು ಅನ್ವಯಿಸುತ್ತದೆಯೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1995ರ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಕೋರ್ಟು ಪೊಲೀಸರ ಲೈಸೆನ್ಸ್ ನಿಯಂತ್ರಣವನ್ನು ಎತ್ತಿಹಿಡಿಯಿತು. ಯಂತ್ರವನ್ನು ತಿದ್ದಿ ಜೂಜಿಗೆ ಬಳಸಬಹುದೆಂಬ ಆತಂಕ ಅದರ ಹಿಂದಿತ್ತು. ಆ ಆತಂಕ ಅಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಸರ್ಕಾರದ ಕಡತದಲ್ಲಿ ಪೊಲೀಸರು ಕಣ್ಣಿಡಬೇಕಾದ ವಸ್ತುವಾಗಿ ದಾಖಲಾದದ್ದನ್ನು ಕಾಪಾಡಬೇಕಾದ ವಸ್ತುವೆಂದು ನೋಡುವುದು ಯಾರಿಗೂ ಸುಲಭವಲ್ಲ. ಇತ್ತ ಮನೆಮನೆಗೆ ಪ್ಲೇಸ್ಟೇಷನ್, ಕಂಪ್ಯೂಟರ್ ಬಂದ ಮೇಲೆ ಪಾರ್ಲರುಗಳ ವ್ಯಾಪಾರ ಬಿತ್ತು. ಜಾಗ ತಿನ್ನುವ, ಭಾರದ ರೇಸ್ ಯಂತ್ರವನ್ನು ಇಟ್ಟುಕೊಳ್ಳುವುದಕ್ಕಿಂತ ಗುಜರಿಗೆ ಹಾಕುವುದೇ ಮಾಲೀಕನಿಗೆ ಲಾಭವಾಗಿ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಸಿಂಗಟಗೆರೆ. ಒಂದೇ ಚಿಕ್ಕಮಗಳೂರು ಜಿಲ್ಲೆಯಾದರೂ ಶೃಂಗೇರಿ, ಕೊಪ್ಪದ ಮಳೆಗಾಲದಲ್ಲಿ ಪ್ಲೈವುಡ್ಡು, ಚಿಪ್‌ಬೋರ್ಡಿನ ಈ ಪೆಟ್ಟಿಗೆಗಳು ಉಬ್ಬಿ ಬಿರಿಯುತ್ತವೆ. ಕಡೂರಿನ ಒಣಹವೆ ಅವಕ್ಕೆ ಹಿತ. ಕೊಬ್ಬರಿ ಅಟ್ಟವಿರುವ ತೆಂಗಿನ ಬೆಳೆಗಾರರ ಮನೆಗಳಲ್ಲಿ ಗಾಳಿ ಆಡುವ ಜಾಗಕ್ಕೂ ಫ್ಲ್ಯಾಟಿನಲ್ಲಿರುವಂಥ ಕೊರತೆಯಿಲ್ಲ. ಇಲ್ಲಿನ ಶತ್ರು ಗೆದ್ದಲು. ಆದ್ದರಿಂದ ಯಂತ್ರವನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರಿಸಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಪಂಪ್‌ಸೆಟ್ ಹೊತ್ತಿನಲ್ಲಿ ವೋಲ್ಟೇಜ್ ಏರಿಳಿಯುವುದರಿಂದ ಸ್ಟೆಬಿಲೈಜರ್ ಬೇಕೇ ಬೇಕು. ಜಪಾನಿನ ಯಂತ್ರ 100 ವೋಲ್ಟಿನದು, ಅದನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟೇಹೋಗುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು. ಪಿಕ್ಚರ್ ಟ್ಯೂಬು ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದರ ರಿಪೇರಿಯನ್ನು ಹಳೇ ಟಿ.ವಿ. ಮೆಕ್ಯಾನಿಕ್ಕಿಗೇ ಬಿಡುವುದು ಕ್ಷೇಮ. ಹಾಗೆಂದು ಎಲ್ಲ ರಿಪೇರಿಯೂ ಕಷ್ಟವೇನಲ್ಲ. ಕಾರು ತಾನಾಗಿ ಎಡಕ್ಕೆ ಎಳೆಯುತ್ತಿದ್ದರೆ ಎಷ್ಟೋ ಸಲ ದೋಷವಿರುವುದು ಸ್ಟೀರಿಂಗಿನ ಬುಡದ ಪೊಟೆನ್ಶಿಯೋಮೀಟರಿನಲ್ಲಿ. ರೇಡಿಯೊ ರಿಪೇರಿಯವರು ವಾಲ್ಯೂಮ್ ಕಂಟ್ರೋಲ್ ಎನ್ನುವುದು ಇದನ್ನೇ. ಒಳಗಿನ ಕಾರ್ಬನ್ ಪಟ್ಟಿ ಸವೆದಿರುತ್ತದೆ. ಬದಲಿಸುವಾಗ ಒಂದು ಎಚ್ಚರ ಬೇಕು. ಆಂಪ್ಲಿಫೈಯರಿನ ವಾಲ್ಯೂಮಿಗೆ ಹಾಕುವುದು ಸಾಮಾನ್ಯವಾಗಿ ಲಾಗ್ ಬಗೆಯದು. ಅದನ್ನೇ ಇಲ್ಲಿ ಹಾಕಿದರೆ ಒಂದು ಕಡೆ ಕೊಂಚ ತಿರುಗಿಸಿದರೂ ಕಾರು ಹಾರುತ್ತದೆ, ಇನ್ನೊಂದು ಕಡೆ ಎಷ್ಟು ತಿರುಗಿಸಿದರೂ ಜಗ್ಗುವುದಿಲ್ಲ. ಲೀನಿಯರ್ ಎಂದೇ ಕೇಳಿ ತರಬೇಕು.

ಜಪಾನ್, ಅಮೆರಿಕದ ಯಂತ್ರ ನಮ್ಮ ಪರಂಪರೆ ಹೇಗಾಗುತ್ತದೆ ಎಂದು ಕೇಳುವವರಿಗೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಮ್ಯೂಸಿಯಮ್ಮನ್ನು ತೋರಿಸಬಹುದು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಅಲ್ಲಿ ಜನರ ಮುಂದಿವೆ. ಅವುಗಳಲ್ಲಿ ವಿದೇಶಿ ಕಾರುಗಳೂ ಇವೆ, ನಮ್ಮ ರಸ್ತೆಯಲ್ಲಿ ಓಡಿದ್ದರಿಂದ ಅವೂ ನಮ್ಮ ಕಥೆಯ ಭಾಗವೇ. ಒಬ್ಬರ ಆಸಕ್ತಿಯಿಂದ ಶುರುವಾದ ಸಂಗ್ರಹ ಊರಿನದಾಗಲು ಸಾಧ್ಯವೆಂಬುದಕ್ಕೂ ಅದೇ ಸಾಕ್ಷಿ. ಕರೆಂಟಿನ ದಂಡ ಎಂಬ ಮಾತಿಗೆ ಹೆಚ್ಚು ಚರ್ಚೆ ಬೇಕಿಲ್ಲ: 5 ಎಚ್‌ಪಿ ಪಂಪ್‌ಸೆಟ್ಟಿಗೆ 3.7 ಕಿಲೋವಾಟ್ ಬೇಕು, ಇಂಥ ಸಾಧಾರಣ ಯಂತ್ರಕ್ಕೆ ಕೆಲವು ನೂರು ವಾಟ್ ಸಾಕು. ದುಡ್ಡಿದ್ದವರ ಖಯಾಲಿ ಎಂಬ ಆಕ್ಷೇಪಕ್ಕೆ ಮಾತ್ರ ಸಂಗ್ರಾಹಕರೇ ಉತ್ತರ ಕೊಡಬೇಕು. ಬೀಗ ಹಾಕಿಟ್ಟ ಯಂತ್ರಕ್ಕೆ ನನ್ನ ಬಳಿಯೂ ಸಮರ್ಥನೆಯಿಲ್ಲ. ನಾಣ್ಯ ಹಾಕದೆಯೇ ಆಟ ಶುರುವಾಗುವಂತೆ ‘ಫ್ರೀ ಪ್ಲೇ’ಗೆ ಇಟ್ಟು, ರಜೆಯಲ್ಲಿ ಊರಿನ ಮಕ್ಕಳನ್ನು ಸೀಟಿಗೆ ಕೂರಿಸಬೇಕು. ಸರ್ಕ್ಯೂಟ್ ನಕ್ಷೆಯ ಜೊತೆಗೆ ಯಾವ ವರ್ಷ ಯಾವ ಭಾಗ ಬದಲಾಯಿತೆಂಬ ಟಿಪ್ಪಣಿಯೂ ಇರಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಂಥ ಸಂಸ್ಥೆ ಮುಂದೊಂದು ದಿನ ಇಂಥ ಯಂತ್ರ ಬೇಕೆಂದು ಕೇಳಿದರೆ, ಸಿಂಗಟಗೆರೆಯಿಂದ ಹೊರಡುವ ಯಂತ್ರ ಓಡುವ ಸ್ಥಿತಿಯಲ್ಲಿರಬೇಕು.