ಹಿಂದೆ ನಿಂತವರ ಆಟ

ಉಡುಪಿ ಕಡೆಯ ಎಲ್ಲೂರಿನಲ್ಲಿ ಬೆಳೆದವರಿಗೆ ಆಟ ಎಂದರೆ ಮೊದಲು ಕಬಡ್ಡಿ. ಕೊಯ್ಲು ಮುಗಿದ ಗದ್ದೆಯಲ್ಲಿ ಕಂಬ ನೆಟ್ಟು, ಲೈಟು ಕಟ್ಟಿ, ಹೊನಲು ಬೆಳಕಿನ ಪಂದ್ಯಾಟ ನಡೆಯುತ್ತಿತ್ತು. ನಾವು ಹುಡುಗರು ಗದ್ದೆಯ ಅಂಚಿನಲ್ಲಿ ಕೂತು ದಾಳಿಗಾರನನ್ನೇ ನೋಡುತ್ತಿದ್ದೆವು. ಊರಿನ ತಂಡಕ್ಕೆ ಆಟ ಕಲಿಸುತ್ತಿದ್ದ ಅಣ್ಣ ಒಬ್ಬರಿದ್ದರು. ಅವರು ಮಾತ್ರ, "ಅವನನ್ನು ಎಂತ ನೋಡುವುದು ಮಾರಾಯ, ಮೂಲೆಯಲ್ಲಿ ನಿಂತವನ ಕಾಲು ನೋಡು" ಎನ್ನುತ್ತಿದ್ದರು. ಎಡ ಮೂಲೆ, ಬಲ ಮೂಲೆಯ ಆ ಇಬ್ಬರು ದಾಳಿಗಾರನ ಪಾದ ಯಾವಾಗ ನೆಲಕ್ಕೆ ಭಾರ ಕೊಡುತ್ತದೆ ಎಂದು ಕಾಯುತ್ತಿರುತ್ತಾರೆ. ಭಾರ ಬಿದ್ದ ಕಾಲು ಕೂಡಲೇ ಏಳುವುದಿಲ್ಲ. ಅಷ್ಟು ಹೊತ್ತಿನಲ್ಲೇ ಹಿಡಿಯಬೇಕು.

ಫುಟ್‌ಬಾಲ್ ನನಗೆ ತಡವಾಗಿ ಬಂತು, ಅದೂ ಟಿವಿಯಿಂದ. ಆದರೆ ಆ ಅಣ್ಣನ ಮಾತು ತಲೆಯಲ್ಲಿ ಉಳಿದಿದ್ದರಿಂದ ಅಲ್ಲಿಯೂ ನನ್ನ ಕಣ್ಣು ಹಿಂದಿನ ಸಾಲಿಗೇ ಹೋಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಮನಸ್ಸಿಗೆ ಹತ್ತಿರವಾದವರು ಜಾನ್ ಜಾನ್ಸನ್. ಹುಟ್ಟಿದ್ದು 1988ರಲ್ಲಿ, ಇಂಗ್ಲೆಂಡಿನ ಮಿಡ್ಲ್ಸ್‌ಬರೋದಲ್ಲಿ. ಅಲ್ಲಿಯ ಕ್ಲಬ್ಬಿನಲ್ಲಿ ಪಳಗಿ, ನಾರ್ಥಾಂಪ್ಟನ್ ಟೌನ್ ಪರ ಕೆಳಗಿನ ದರ್ಜೆಯ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿದವರು. 2013ರಲ್ಲಿ ಬೆಂಗಳೂರಿಗೆ ಬಂದರು. ಬೆಂಗಳೂರು ಎಫ್‌ಸಿ ಆಗಷ್ಟೇ ಹುಟ್ಟಿದ ಕ್ಲಬ್ಬು. ಕೋಚ್ ಆ್ಯಷ್ಲಿ ವೆಸ್ಟ್‌ವುಡ್ ಕೂಡ ಇಂಗ್ಲೆಂಡಿನವರೇ, ಆಡುವ ಕಾಲದಲ್ಲಿ ಅವರೂ ಡಿಫೆಂಡರ್. ಹೊಸ ತಂಡ ಕಟ್ಟುವಾಗ ಅವರು ಹಿಂದಿನ ಗೋಡೆಯನ್ನು ಗಟ್ಟಿ ಮಾಡಿಕೊಂಡರು. ಕೀನ್ಯಾದ ಕರ್ಟಿಸ್ ಒಸಾನೊ ಮತ್ತು ಜಾನ್ಸನ್ ಜೋಡಿ ಹಿಂದೆ, ನಾಯಕ ಸುನೀಲ್ ಛೆಟ್ರಿ ಮುಂದೆ. ಮೊದಲ ವರ್ಷವೇ, 2013–14ರ ಐ-ಲೀಗ್ ಪ್ರಶಸ್ತಿ ಬೆಂಗಳೂರಿಗೆ ಬಂತು. ಗೋವಾ, ಕೋಲ್ಕತ್ತದ ಹಳೆಯ ಕ್ಲಬ್ಬುಗಳ ನಡುವೆ ಒಂದು ವರ್ಷವೂ ತುಂಬದ ತಂಡ ಲೀಗ್ ಗೆದ್ದಿತ್ತು.

ಪತ್ರಿಕೆಗಳು ಛೆಟ್ರಿಯ ಗೋಲುಗಳನ್ನು ಬರೆದವು. ಬರೆಯಬೇಕಾದದ್ದೇ. ಆದರೆ ಡಿಫೆಂಡರ್ ತೊಂಬತ್ತು ನಿಮಿಷ ಮಾಡುವ ಕೆಲಸಕ್ಕೆ ಫುಟ್‌ಬಾಲಿನಲ್ಲಿ ಅಂಕವೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ನಮ್ಮ ಕಬಡ್ಡಿ ಈ ವಿಷಯದಲ್ಲಿ ಹೆಚ್ಚು ನ್ಯಾಯದ ಆಟ. ಒಬ್ಬನನ್ನು ಮುಟ್ಟಿ ಬಂದರೆ ಒಂದು ಅಂಕ, ಮುಟ್ಟಲು ಬಂದವನನ್ನು ಹಿಡಿದರೂ ಒಂದು ಅಂಕ. ಅಂಕಣದಲ್ಲಿ ಮೂರೇ ಮಂದಿ ಉಳಿದಾಗ ಹಿಡಿದರಂತೂ ಎರಡು. ಪ್ರೊ ಕಬಡ್ಡಿಯಲ್ಲಿ ಇರಾನಿನ ಫಜಲ್ ಅತ್ರಾಚಲಿ ಎಂಬ ಮೂಲೆಯ ಆಟಗಾರನಿಗೆ 2018ರ ಹರಾಜಿನಲ್ಲಿ ಯು ಮುಂಬಾ ತಂಡ ಒಂದು ಕೋಟಿ ರೂಪಾಯಿ ಕೊಟ್ಟಿತು. ಹಾಗಿದ್ದರೂ ಕರಾವಳಿಯಲ್ಲಿ ಕಬಡ್ಡಿಯ ದೊಡ್ಡ ಹೆಸರು ಕೇಳಿದರೆ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಎನ್ನುತ್ತಾರೆ. ಅವರು ದಾಳಿಗಾರ್ತಿ. ನ್ಯಾಯದ ಆಟದಲ್ಲಿಯೂ ಕಣ್ಣು ಮೊದಲು ಹೋಗುವುದು ನುಗ್ಗುವವರ ಕಡೆಗೇ.

ಫುಟ್‌ಬಾಲಿನಲ್ಲಿ ಡಿಫೆಂಡರ್‌ನ ಹೆಸರು ಸ್ಕೋರ್‌ಬೋರ್ಡಿಗೆ ಬರಬೇಕಾದರೆ ಅವನು ತನ್ನ ಜಾಗ ಬಿಟ್ಟು ಮುಂದೆ ಹೋಗಬೇಕು. ಅದಕ್ಕೆ ಸಿಗುವ ಸಮಯ ಕಾರ್ನರ್ ಕಿಕ್. ಎತ್ತರದ ಆಟಗಾರರು ಹಿಂದಿನ ಸಾಲಿನಲ್ಲೇ ಹೆಚ್ಚಾಗಿರುವುದರಿಂದ ಕಾರ್ನರ್ ಸಿಕ್ಕಾಗ ಅವರನ್ನು ಎದುರಾಳಿಯ ಗೋಲಿನ ಬಾಯಿಗೆ ಕಳಿಸುತ್ತಾರೆ. ಚೆಂಡು ತಲೆಗೆ ಸಿಕ್ಕರೆ ಗೋಲು. ತಪ್ಪಿದರೆ ತಿರುಗಿ ಇಡೀ ಮೈದಾನ ಓಡಿ ತಮ್ಮ ಜಾಗ ಸೇರಬೇಕು.

2015ರ ಮೇ 31, ಕಂಠೀರವ ಕ್ರೀಡಾಂಗಣ. ಐ-ಲೀಗಿನ ಕೊನೆಯ ದಿನ, ಎದುರಿಗೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಸತತ ಎರಡನೇ ಪ್ರಶಸ್ತಿ, ಬಾಗಾನ್‌ಗೆ ಡ್ರಾ ಸಾಕು. ಮಳೆ ಸುರಿಯುತ್ತಿತ್ತು. 41ನೇ ನಿಮಿಷದಲ್ಲಿ ಗೋಲು ಹೊಡೆದವರು ಜಾನ್ಸನ್. ನಾನು ಮನೆಯಲ್ಲಿ ಕುರ್ಚಿಯಿಂದ ಎದ್ದು ನಿಂತವನು ಮತ್ತೆ ಕೂರಲೇ ಇಲ್ಲ. ಬಾಗಾನ್ ಮೇಲಿಂದ ಮೇಲೆ ನುಗ್ಗಿತು, ಬೆಂಗಳೂರು ತಡೆಯಿತು. 87ನೇ ನಿಮಿಷದಲ್ಲಿ ಬಾಗಾನ್‌ಗೆ ಒಂದು ಕಾರ್ನರ್. ಅವರ ನೈಜೀರಿಯಾದ ಡಿಫೆಂಡರ್ ಬೆಲ್ಲೊ ರಜಾಕ್ ಮೇಲೆ ಬಂದು ತಲೆ ಕೊಟ್ಟರು. 1–1. ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಕೋಲ್ಕತ್ತದ ಆ ಹಳೆಯ ಕ್ಲಬ್ಬಿಗೆ ಮರಳಿತು. ಒಂದು ವರ್ಷದ ಹಣೆಬರಹವನ್ನು ಆ ರಾತ್ರಿ ಬರೆದವರು ಇಬ್ಬರು ಡಿಫೆಂಡರ್‌ಗಳು. ಇಬ್ಬರೂ ದೂರದ ದೇಶದವರು.

ಮರು ವರ್ಷವೇ ಬೆಂಗಳೂರು ಲೀಗನ್ನು ಮತ್ತೆ ಗೆದ್ದಿತು. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೋಹರ್ ದಾರುಲ್ ತಾಝಿಮ್ ಕಂಠೀರವಕ್ಕೆ ಬಂದಾಗ ಛೆಟ್ರಿ ಎರಡು ಗೋಲು ಹೊಡೆದರು, ಮೂರನೆಯದು ಸ್ಪೇನಿನ ಡಿಫೆಂಡರ್ ಹುವಾನನ್‌ರದ್ದು. 3–1. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಆ ಟೂರ್ನಿಯ ಫೈನಲ್ ತಲುಪಿದ್ದು ಹೀಗೆ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು ಒಂದು ಗೋಲಿನಿಂದ ಸೋತರು.

2018ರ ಮಾರ್ಚ್ 17ರ ನೋವು ಬೇರೆ ಬಗೆಯದು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ಅದೇ ಕಂಠೀರವ, ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷದಲ್ಲೇ ಛೆಟ್ರಿ ಗೋಲು. ಆಮೇಲೆ ನೆದರ್ಲೆಂಡ್ಸ್‌ನ ಗ್ರೆಗರಿ ನೆಲ್ಸನ್ ಒದ್ದ ಎರಡು ಕಾರ್ನರ್‌ಗಳಿಗೆ ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಬಾರಿ ತಲೆ ಕೊಟ್ಟರು. ವಿರಾಮಕ್ಕೆ ಹೋಗುವಾಗ ಸ್ಕೋರು 2–1, ಪಂದ್ಯ ಮುಗಿದಾಗ 3–2. ಸೋತವರು ನಾವು.

ಡಿಫೆಂಡರ್‌ಗಳ ಮಾತೆತ್ತಿ ವರ್ಜಿಲ್ ವಾನ್ ಡೈಕ್ ಹೆಸರು ಹೇಳದೆ ಮುಂದೆ ಹೋಗಲಾರೆ. ನೆದರ್ಲೆಂಡ್ಸ್‌ನ ಬ್ರೆಡಾ ಪಟ್ಟಣದ ಹುಡುಗ, ತಾಯಿಯ ಮೂಲ ಸುರಿನಾಮ್. ಹರೆಯದಲ್ಲಿ ಫುಟ್‌ಬಾಲ್ ಅಭ್ಯಾಸದ ಜತೆಗೆ ರೆಸ್ಟೋರೆಂಟೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಈ ಒಂದು ಸಂಗತಿಗಾಗಿಯೇ ಉಡುಪಿ, ಕಾಪು ಕಡೆಯವರು ಅವರನ್ನು ನಮ್ಮವರೆಂದು ಭಾವಿಸಬಹುದು. ಮುಂಬಯಿಯ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಗ್ರೊನಿಂಗೆನ್‌ನಲ್ಲಿ ಆಡುತ್ತಿದ್ದಾಗ, 2012ರಲ್ಲಿ, ಅಪೆಂಡಿಕ್ಸ್ ಒಡೆದು ಸೋಂಕು ಹರಡಿ ವಾನ್ ಡೈಕ್ ಸಾವಿನ ಬಾಗಿಲಿಗೆ ಹೋಗಿ ಬಂದರು. 2018ರ ಜನವರಿಯಲ್ಲಿ ಲಿವರ್‌ಪೂಲ್ ಅವರನ್ನು 7.5 ಕೋಟಿ ಪೌಂಡಿಗೆ ಕೊಂಡಾಗ ಡಿಫೆಂಡರ್‌ಗೆ ಅಷ್ಟು ಬೆಲೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಮರು ವರ್ಷ ಚಾಂಪಿಯನ್ಸ್ ಲೀಗ್ ಗೆದ್ದರು. ಬ್ಯಾಲನ್ ಡಿ'ಓರ್ ಮತದಾನದಲ್ಲಿ ಲಿಯೊನೆಲ್ ಮೆಸ್ಸಿಗಿಂತ ಏಳೇ ಅಂಕ ಹಿಂದೆ ಉಳಿದರು, 686 ಮತ್ತು 679. 2020ರ ಅಕ್ಟೋಬರ್‌ನಲ್ಲಿ ಮಂಡಿಯ ಅಸ್ಥಿರಜ್ಜು ಹರಿದು ಆ ಋತುವೇ ಹೋಯಿತು. 2025ರಲ್ಲಿ ನಾಯಕನಾಗಿ ಪ್ರೀಮಿಯರ್ ಲೀಗ್ ಟ್ರೋಫಿ ಎತ್ತಿದರು. ಅವರು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಇಬ್ಬರು ಎದುರಾಳಿಗಳು ಒಟ್ಟಿಗೆ ಬಂದರೆ ಚೆಂಡಿಗೆ ಕೂಡಲೇ ಕಾಲು ಹಾಕುವುದಿಲ್ಲ. ನಡುವೆ ನಿಂತು, ಇಬ್ಬರಲ್ಲಿ ಗುರಿ ಕಡಿಮೆ ಇರುವವನೇ ಒದೆಯುವಂತೆ ದಾರಿ ಬಿಡುತ್ತಾರೆ. ಅವರನ್ನು ನೋಡುವಾಗೆಲ್ಲ ನನಗೆ ಗದ್ದೆಯ ಮೂಲೆಯಲ್ಲಿ ಬಾಗಿ ನಿಂತವನ ನೆನಪು.

ಜಾನ್ಸನ್ 2018ರಲ್ಲಿ ಬೆಂಗಳೂರು ಬಿಟ್ಟು ಕೋಲ್ಕತ್ತದ ಎಟಿಕೆ ಸೇರಿದರು. 2019–20ರಲ್ಲಿ ಐಎಸ್‌ಎಲ್ ಗೆದ್ದ ಎಟಿಕೆ ಬಳಗದಲ್ಲೂ ಇದ್ದರು. ಐದು ವರ್ಷ ಒಂದೇ ಊರಿನ ನೀಲಿ ಅಂಗಿ ತೊಟ್ಟ ವಿದೇಶಿ ಆಟಗಾರರು ನಮ್ಮ ಲೀಗ್‌ಗಳಲ್ಲಿ ಬಹಳ ಕಡಿಮೆ. ಒಂದು ಋತುವಿಗೆ ಬಂದು ಹೋಗುವವರೇ ಹೆಚ್ಚು. ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್ ಆ ಐದು ವರ್ಷಗಳಲ್ಲಿ ಬೆಂಗಳೂರಿಗೆ ಬಂದವು. ಬಾರದೇ ಉಳಿದದ್ದು ಐಎಸ್‌ಎಲ್.

ಅದು ಅವರು ಹೋದ ಮೊದಲ ಋತುವಿನಲ್ಲೇ ಬಂತು. 2019ರ ಮಾರ್ಚ್ 17, ಚೆನ್ನೈಯಿನ್ ಎದುರು ಸೋತು ಸರಿಯಾಗಿ ಒಂದು ವರ್ಷ. ಮುಂಬಯಿಯಲ್ಲಿ ಎಫ್‌ಸಿ ಗೋವಾ ವಿರುದ್ಧದ ಫೈನಲ್ ತೊಂಬತ್ತು ನಿಮಿಷ ಗೋಲಿಲ್ಲದೆ ಮುಗಿದು ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಕೊನೆಯ ಕೆಲವು ನಿಮಿಷ ಬಾಕಿ ಇರುವಾಗ ಬೆಂಗಳೂರಿಗೆ ಒಂದು ಕಾರ್ನರ್. ಒದೆಯಲು ಸ್ಪೇನಿನ ದಿಮಾಸ್ ದೆಲ್ಗಾದೊ ಹೋದರು. ಟಿವಿಯಲ್ಲಿ ಎಲ್ಲರ ಕಣ್ಣು ಛೆಟ್ರಿಯ ಮೇಲೆ. ಹಿಂದಿನಿಂದ ಮುಂಬಯಿಯದೇ ಹುಡುಗ ರಾಹುಲ್ ಭೆಕೆ ಮೇಲೆ ಬರುತ್ತಿದ್ದುದನ್ನು ನಾನು ಚೆಂಡು ಏಳುವ ಮೊದಲೇ ಕಂಡೆ. ಡಿಫೆಂಡರ್. ತಲೆಗೆ ತಾಗಿದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು.