ನ್ಯೂಟನ್ನನ ಬಾಚಣಿಗೆ

1704ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ ಮಹಾಶಯನು ವಿವರಿಸಿರುವ ನಾನಾ ಪ್ರಯೋಗಗಳ ನಡುವೆ ಒಂದು ಬಾಚಣಿಗೆಯ ಪ್ರಸಂಗವುಂಟು. ಪ್ರಿಸಂ ಗಾಜಿನಿಂದ ಹರಡಿದ ಬಣ್ಣಗಳನ್ನು ಮಸೂರದಿಂದ ಮರಳಿ ಕೂಡಿಸಿ ಬಿಳಿಯ ಬೆಳಕನ್ನು ಪಡೆದ ಆತನು, ಹದಿನಾರು ಅಗಲ ಹಲ್ಲುಗಳ ಬಾಚಣಿಗೆಯಂಥ ಸಾಧನವನ್ನು ಆ ಮಸೂರದ ಮುಂದೆ ಮೆಲ್ಲನೆ ಸರಿಸಲು, ಹಲ್ಲು ತಡೆದ ಬಣ್ಣವನ್ನು ಕಳೆದುಕೊಂಡ ಬಿಳುಪು ಬಗೆಬಗೆಯ ವರ್ಣಗಳನ್ನು ತಳೆಯಿತು. ಬಿರುಸಾಗಿ ಆಡಿಸಲು ಮತ್ತೆ ಬಿಳುಪೇ ಕಂಡಿತು.

ಆದರೆ ಆ ಹಲ್ಲುಗಳನ್ನು ಬೇಕೆಂದಂತೆ ಕೂಡಿಸಿ ಕಳೆಯುವ ಉಪಾಯ ಆತನಲ್ಲಿರಲಿಲ್ಲ. ಅದು ನಮಗೆ ದೊರೆತದ್ದು ಪ್ರೊಜೆಕ್ಟರಿನ ದೆಸೆಯಿಂದ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ, ಈಗ ಚಿತ್ರಮಂದಿರಗಳಲ್ಲಿಯೂ ನೆಲಸಿರುವ ಚಿಪ್ಪಿನಲ್ಲಿ, ಕೂದಲೆಳೆಗಿಂತ ಕಿರಿದಾದ ಲಕ್ಷಾಂತರ ಅಲ್ಯೂಮಿನಿಯಂ ಕನ್ನಡಿಗಳಿದ್ದು, ಒಂದೊಂದೂ ತನ್ನ ಬಿಜಾಗರಿಯ ಮೇಲೆ ಅತ್ತ 12 ಡಿಗ್ರಿ ಇಲ್ಲವೆ ಇತ್ತ 12 ಡಿಗ್ರಿ, ಸೆಕೆಂಡಿಗೆ ಸಾವಿರಾರು ಸಲ ವಾಲಬಲ್ಲುದು.

ಸ್ಪೆಕ್ಟ್ರೋಮೀಟರಿನ ಕಿರುಸೀಳಿನಲ್ಲಿ ನುಗ್ಗಿ, ಗ್ರೇಟಿಂಗಿನಿಂದ ಬಣ್ಣಬಣ್ಣವಾಗಿ ಬಿಡಿಸಿಕೊಂಡ ಬೆಳಕಿನ ವರ್ಣಪಟಲವನ್ನು ಈ ಕನ್ನಡಿಗಳ ಹಾಸಿನ ಮೇಲೆ ಬೀಳಿಸಿದರೆ, ಒಂದೊಂದು ನಿಲುಸಾಲಿನ ಪಾಲಿಗೆ ಒಂದೊಂದು ತರಂಗಾಂತರ ಬರುತ್ತದೆ. ಸಾಲಿನ ಕನ್ನಡಿಗಳೆಲ್ಲ ಗ್ರಾಹಕದತ್ತ ವಾಲಲು ಒಪ್ಪಿದರೆ ಆ ಬಣ್ಣ ಪೂರ್ತಿಯಾಗಿ, ಅರ್ಧ ಒಪ್ಪಿದರೆ ಅರ್ಧವಾಗಿ ಮುಂದೆ ಸಾಗಿ, ಕೊನೆಗೆ ಬೆಳಕನ್ನಳೆಯುವ ಆ ಒಂದೇ ಗ್ರಾಹಕವನ್ನು ಸೇರುತ್ತದೆ. ಬಣ್ಣದ ಗಾಜುಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಡುತ್ತಿದ್ದ ಪ್ರಯೋಗಶಾಲೆಗೆ ಶೋಧಕವೆಂಬುದು ಬರೆದು ಅಳಿಸುವ ಸ್ಲೇಟಾಯಿತು. 900ರಿಂದ 1700 ನ್ಯಾನೊಮೀಟರಿನ ಅವಕೆಂಪು ವಲಯದಲ್ಲಂತೂ ಗ್ರಾಹಕಗಳ ಸಾಲು ಬಲು ದುಬಾರಿಯಾದುದರಿಂದ, ಒಂದರಲ್ಲಿಯೇ ಕೆಲಸ ಸಾಗುವುದು ಸಣ್ಣ ಉಪಕಾರವಲ್ಲ.

ಬಣ್ಣಗಳನ್ನು ಒಂದೊಂದಾಗಿ ಏಕೆ ಅಳೆಯಬಾರದು? ತಕ್ಕಡಿಯನ್ನು ನೆನೆಯಿರಿ. ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೂಗಿದರೆ ಮುಳ್ಳಿನ ಓಲಾಟದ ತಪ್ಪು ಎರಡಕ್ಕೂ ಪೂರ್ತಿ ಅಂಟುತ್ತದೆ. ಅದರ ಬದಲು ಮೊದಲು ಎರಡನ್ನೂ ಒಂದೇ ತಟ್ಟೆಯಲ್ಲಿರಿಸಿ ಮೊತ್ತವನ್ನೂ, ಬಳಿಕ ತಟ್ಟೆಗೊಂದರಂತೆ ಇರಿಸಿ ವ್ಯತ್ಯಾಸವನ್ನೂ ತೂಗಿ ಲೆಕ್ಕ ಬಿಡಿಸಿದರೆ, ಅದೇ ಎರಡು ತೂಗಾಟದಲ್ಲಿ ತಪ್ಪು ಕುಗ್ಗುತ್ತದೆ. ಫ್ರಾನ್ಸಿನ ಗಣಿತಜ್ಞ ಹದಮಾರ್ 1893ರಲ್ಲಿ ವಿವೇಚಿಸಿದ ಮಾತೃಕೆಗಳು ಇಂಥ ಕೂಡಿಕೆಗಳಿಗೆ ಅಚ್ಚುಕಟ್ಟಾದ ಕ್ರಮವನ್ನೊದಗಿಸುವುವು. ಅದರಂತೆ ಕನ್ನಡಿಗಳನ್ನು ಆಡಿಸಿ, 255 ಬಣ್ಣಗಳನ್ನು ಸರಿಸುಮಾರು ಅರ್ಧರ್ಧವಾಗಿ ಕೂಡಿಸಿ 255 ಸಲ ಅಳೆದರೆ, ತಪ್ಪು ಸುಮಾರು ಎಂಟರಲ್ಲೊಂದು ಪಾಲಿಗೆ ತಗ್ಗುತ್ತದೆ. ಗ್ರಾಹಕದ ಸ್ವಂತ ಗದ್ದಲವೇ ಮುಖ್ಯ ದೋಷವಾಗಿದ್ದಲ್ಲಿ ಮಾತ್ರ ಈ ಮಾತು ಸಲ್ಲುವುದೆಂಬುದನ್ನು ಉತ್ಸಾಹಿಗಳು ಮರೆಯುವುದುಂಟು. ಬೆಳಕಿನ ಕಣಗಳ ಏರುಪೇರೇ ದೋಷವಾದೆಡೆ ಲಾಭ ಕರಗಿಹೋಗುತ್ತದೆ.

1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ರಾಮನ್ನರು ವಿವರಿಸಿದ ಆ ಅತಿಕ್ಷೀಣವಾದ ಚದುರಿದ ಬೆಳಕಿಗೆ ಈ ಕನ್ನಡಿಗಳು ಬೇರೊಂದು ರೀತಿಯಲ್ಲಿ ಒದಗಿವೆ. ಮುಂದಿರುವುದು ಈ ರಾಸಾಯನಿಕವೋ ಆ ರಾಸಾಯನಿಕವೋ ಎಂಬಷ್ಟೇ ಪ್ರಶ್ನೆಯಿರುವಾಗ, ಇಡೀ ವರ್ಣಪಟಲವನ್ನು ಓದುವ ಗೊಡವೆಯಿಲ್ಲದೆ, ಅವೆರಡರ ಭೇದವನ್ನೇ ಕನ್ನಡಿಗಳ ವಿನ್ಯಾಸವಾಗಿ ಬರೆದಿಟ್ಟರೆ, ಒಂದೆರಡು ಎಣಿಕೆಗಳಲ್ಲಿಯೇ ತೀರ್ಪು ಹೊರಬೀಳುತ್ತದೆ. ಕನ್ನಡಿಗಳ ಸಂದುಗಳಲ್ಲಿ ಚದುರುವ ಅಡ್ಡಬೆಳಕು ಇದರ ಶಾಶ್ವತ ಕಾಟ. ಆದರೂ ನ್ಯೂಟನ್ನನ ಹಲ್ಲುಗಳು ತಡೆದ ಬಣ್ಣ ಅಲ್ಲಿಯೇ ನಷ್ಟವಾಗುತ್ತಿದ್ದರೆ, ಇಲ್ಲಿ ಒಲ್ಲೆನೆಂದು ವಾಲಿದ ಕನ್ನಡಿಯೂ ತನ್ನ ಪಾಲಿನ ಬೆಳಕನ್ನು ಇನ್ನೊಂದು ದಿಕ್ಕಿಗೆ ಕಳುಹುವುದರಿಂದ, ಆ ಕಡೆಗೂ ಒಂದು ಗ್ರಾಹಕವನ್ನಿರಿಸಿ, ತಕ್ಕಡಿಯ ಎರಡನೆಯ ತಟ್ಟೆಯಂತೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.